ಇಡೀ ಚರ್ಚಿಗೆ ಕುಸ್ವಾರ್

ಬೆಳಿಗ್ಗೆ ಹತ್ತೂಕಾಲು. ಲಿಡಿಯಾಳ ಥೈರಾಯ್ಡ್ ಸರಿಯಾಗಿತ್ತು.

ರಿಪೋರ್ಟನ್ನು ಮಣ್ಣಗುಡ್ಡದ ಕ್ಲಿನಿಕ್ಕಿನ ಮೇಜಿನ ಮೇಲಿಟ್ಟು ತಾಯಿ ಡೈಸಿ ಗೆದ್ದವರ ಹಾಗೆ ಕೂತರು. "ಬ್ಲಡ್ಡಲ್ಲಿ ಎಂತದ್ದೂ ಇಲ್ಲ ಡಾಕ್ಟ್ರೇ. ಹಾಗಾದ್ರೆ ನೀವು ಹೇಳಿದ ಬೈಪೋಲಾರೂ ಇಲ್ಲ ಅಂತಾಯ್ತಲ್ಲ?"

"ಬೈಪೋಲಾರಿಗೆ ಬ್ಲಡ್ ಟೆಸ್ಟ್ ಇಲ್ಲ ಅಮ್ಮ," ಎಂದರು ಡಾಕ್ಟರ್ ಸ್ನೇಹಲತಾ. "ಥೈರಾಯ್ಡ್ ಹೆಚ್ಚುಕಮ್ಮಿ ಆದ್ರೂ ಮನಸ್ಸು ಹೀಗೇ ಒಮ್ಮೆ ಏರಿ ಒಮ್ಮೆ ಕುಸೀತದೆ. ಅದಲ್ಲ ಅಂತ ಗೊತ್ತಾಯ್ತು, ಅಷ್ಟೇ. ಇನ್ನು ಟೆಸ್ಟ್ ಅಂದ್ರೆ ಮಾತು. ಅವಳದ್ದು, ಮತ್ತೆ ನಿಮ್ಮದು."

ಲಿಡಿಯಾ ವಾಮಂಜೂರಿನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ಅವಳನ್ನು ನೋಡಿದ ಮೊದಲ ಡಾಕ್ಟರ್, ಖಿನ್ನತೆಯೆಂದು ಮಾತ್ರೆ ಬರೆದಿದ್ದರು. ಅದನ್ನು ನುಂಗತೊಡಗಿದ ಮೇಲೆ ನಿದ್ದೆ ಹಾರಿಹೋಯಿತು, ಆದರೆ ದಣಿವಿಲ್ಲ. ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್‌ಗೇ ಪಾಠ ಹೇಳಿದಳು. ಏನೋ ತಪ್ಪಿದೆಯೆಂದು ಅನಿಸಿ ಇಲ್ಲಿಗೆ ಬಂದವಳು ಅವಳೇ. ಡೈಸಿ ಜೊತೆಗೆ ಬಂದದ್ದು ಕಾವಲಿಗೆ: ಕುವೈಟಿನ ಹುಡುಗನೊಬ್ಬನ ಮನೆಯವರೊಂದಿಗೆ ಮದುವೆ ಮಾತು ನಡೆದಿತ್ತು.

"ಈಗಿನದ್ದು ಆ ಮಾತ್ರೆಯಿಂದ್ಲೂ ಬಂದಿರಬಹುದು. ಅದು ಶುರುವಾಗುವ ಮೊದಲು ಯಾವಾಗಾದ್ರೂ ಹೀಗೆ ಆಗಿತ್ತಾ?" ಡಾಕ್ಟರ್ ಕೇಳಿದರು. "ನಿದ್ದೆ ಬೇಡ, ಸುಸ್ತೂ ಇಲ್ಲ, ವಿಪರೀತ ಹುರುಪು?"

"ಇಲ್ಲವೇ ಇಲ್ಲ," ಎಂದರು ಡೈಸಿ.

"ಮಮ್ಮಿ, ಹೋದ ವರ್ಷದ ಕುಸ್ವಾರ್?"

"ಅದು ರೋಗ ಅಲ್ಲ ಬಾಯೆ, ಅದು ಕ್ರಿಸ್ಮಸ್!"

ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ಕುಸ್ವಾರ್ ಅಂದ್ರೆ ನೆವ್ರಿ, ಕಿಡಿಯೊ, ರೋಸ್ ಕುಕ್ಕಿ... ಕ್ರಿಸ್ಮಸ್ ತಿಂಡಿ ಡಾಕ್ಟ್ರೇ," ಎಂದಳು ಲಿಡಿಯಾ. "ಎಲ್ಲರೂ ಮನೆಗೆ, ನೆರೆಮನೆಗೆ ಮಾಡ್ತಾರೆ. ನಾನು ಇಡೀ ಚರ್ಚಿಗೆ ಮಾಡಿದೆ, ಒಬ್ಬಳೇ."

"ಫಾದರ್ ಪೂಜೆಯಲ್ಲೇ ಹೊಗಳಿದರು," ಡೈಸಿಯ ಸ್ವರ ಏರಿತು. "ಹುಡುಗಿ ಮೈಮುರಿದು ಕೆಲಸ ಮಾಡಿದ್ರೆ ಅದಕ್ಕೂ ಮಾತ್ರೆ ಉಂಟಾ?"

"ಫಾದರ್ ನೋಡಿದ್ದು ಡಬ್ಬಿ. ಒಲೆ ಎದುರು ನನ್ನನ್ನು ನೋಡಿದ್ದು ನೀನೊಬ್ಬಳೇ. ಹೇಳು."

ಡೈಸಿ ದನಿ ತಗ್ಗಿಸಿ ಕೊಂಕಣಿಗೆ ಹೊರಳಿದರು. ಕುವೈಟಿನವರಿಗೆ ಏನು ಹೇಳುವುದು? ಖಿನ್ನತೆಯಾದರೆ ವೀಕ್‌ನೆಸ್ ಎಂದಾದರೂ ಹೇಳಬಹುದಿತ್ತು.

ಲಿಡಿಯಾ ಬೇಕೆಂದೇ ಕನ್ನಡದಲ್ಲಿ ಉತ್ತರಿಸಿದಳು, ಡಾಕ್ಟರಿಗೂ ಕೇಳಲಿ ಎಂದು. "ಇದ್ದದ್ದನ್ನೇ ಹೇಳುವ. ನಿನ್ನ ಮರ್ಯಾದೆಗೆ ಬೇಕಾದ ಹೆಸರಿಟ್ಟುಕೊಂಡು ತಪ್ಪು ಮಾತ್ರೆ ನುಂಗ್ಲಿಕ್ಕೆ ನಾನಿನ್ನು ತಯಾರಿಲ್ಲ. ಅವರಿಗೆ ಬೇಡದಿದ್ರೆ ಬೇಡ."

ಅವಳು ಮುಂಗೈಯನ್ನು ಮೇಜಿನ ಮೇಲಿಟ್ಟಳು. ಕಾದ ಎಣ್ಣೆ ಬಿದ್ದ ಕಲೆ ಇನ್ನೂ ಮಾಸಿರಲಿಲ್ಲ.

ಡೈಸಿ ಅದನ್ನು ನೋಡಿದರು.

"ಎಣ್ಣೆ ಬಿದ್ದಾಗ ಇವಳು ನಗ್ತಾ ಇದ್ದಳು," ಎಂದರು ಕೊನೆಗೆ. "ಒಂದು ವಾರ ಸರಿಯಾಗಿ ಮಲಗ್ಲೇ ಇಲ್ಲ ಡಾಕ್ಟ್ರೇ. ಮಲಗು ಅಂದ್ರೆ ನನ್ನ ಮೇಲೆ ಸೌಟು ಎಸೆದಳು. ಹೊಸ ವರ್ಷಕ್ಕೆ ಹಾಸಿಗೆ ಹಿಡಿದಳು. ನಾನು ದಣಿವು ಅಂತ ಎಣಿಸಿದೆ."

"ಮೊದಲಿಂದ ಹೇಳಿ," ಎಂದು ಡಾಕ್ಟರ್ ಪೆನ್ನು ಎತ್ತಿಕೊಂಡರು.

ಆ ಸಂಜೆ ಹುಡುಗನ ಮನೆಗೆ ಲಿಡಿಯಾಳೇ ಫೋನ್ ಮಾಡಿ ಕಾಯಿಲೆಯ ಹೆಸರು ಹೇಳಿದಳು. ಸಂಬಂಧ ಮುರಿಯಿತು. ಹಳೆಯ ಮಾತ್ರೆಯನ್ನು ಡಾಕ್ಟರ್ ನಿಲ್ಲಿಸಿದರು. ಕಿಡ್ನಿ ಪರೀಕ್ಷೆಯಾದ ಮೇಲೆ ಬೈಪೋಲಾರಿನ ಮಾತ್ರೆ ಲಿಥಿಯಂ ಶುರುವಾಯಿತು.