ಎದೆಯೊಳಗಿನ ಘಾಟು

ಗಂಡನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಅವನ ರಿಪೋರ್ಟುಗಳ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಶೈಲಾ ಇಸಿಜಿ ಕೋಣೆಯ ಹೊರಗೆ ಗೋಡೆಗೆ ಆತು ನಿಂತಿದ್ದಳು. ಕೂರಲು ಇದ್ದ ಒಂದೇ ಕುರ್ಚಿಯಲ್ಲಿ ಅತ್ತೆ ಹೊನ್ನವ್ವ ಕೂತಿದ್ದಳು. ಒಳಗೆ ಗಂಡ ರುದ್ರಮುನಿ ಬರಿಮೈಯಲ್ಲಿ ಮಲಗಿ, ಎದೆಗೆ ವೈರು ಹಚ್ಚಿಸಿಕೊಳ್ಳಲು ಕಾಯುತ್ತಿದ್ದ. ಶೈಲಾಳ ಎಡಗೈ ಬೆಳಗಿನಿಂದ ಜೋಮು ಹಿಡಿದಂತಿತ್ತು. ಬ್ಯಾಡಗಿಯಿಂದ ಹಾವೇರಿಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಆ ಕೈಯನ್ನು ಉಜ್ಜುತ್ತಲೇ ಬಂದಿದ್ದಳು. ಯಾರೂ ಯಾಕೆಂದು ಕೇಳಿರಲಿಲ್ಲ.

"ಯಾಕ ಹಂಗ ಗ್ವಾಡಿಗೆ ಒರಗೀದಿ?" ಎಂದಳು ಹೊನ್ನವ್ವ.

"ಎದಿ ಹಿಡದಂಗ ಆಗೈತ್ರಿ ಅತ್ತಿ."

"ಘಾಟದು. ನಿನ್ನೆ ಗುಂಟೂರ ಮೆಣಸಿನಕಾಯಿ ಚೀಲ ಬಿಚ್ಚಿದಿಲ್ಲ? ಹಂಗ ಆಗತೈತಿ. ಗಂಡ ಒಳಗ ಮಲಗ್ಯಾನ, ಸುಮ್ನ ಅವನ ಹೆಸರ್ಲೆ ಹನಮಪ್ಪನ್ನ ನೆನಿ."

ಶೈಲಾ ದೇವರನ್ನು ನೆನೆಯಲಿಲ್ಲ. ಹಲ್ಲು ಕಚ್ಚಿ ನಿಂತಳು.

ಇದೆಲ್ಲ ಶುರುವಾದದ್ದು ಹನುಮೇಶನ ಸಾವಿನಿಂದ. ಹನುಮೇಶ ರುದ್ರಮುನಿಯ ಚಡ್ಡಿದೋಸ್ತ, ರಾಣೆಬೆನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವನು. ಬೀಡಿ ಸೇದಿದವನಲ್ಲ, ಕುಡಿದವನಲ್ಲ. ಒಂದು ಮುಂಜಾನೆ ಶಟಲ್ ಆಡುತ್ತಿದ್ದವನು ಬ್ಯಾಟು ಕೈಯಲ್ಲಿದ್ದಂತೆಯೇ ಕುಸಿದು ಬಿದ್ದ, ಎತ್ತಿ ಕಾರಿಗೆ ಹಾಕುವಷ್ಟರಲ್ಲಿ ಮುಗಿದಿತ್ತು. ಮಣ್ಣಿಗೆ ಹೋಗಿ ಬಂದ ರಾತ್ರಿ ರುದ್ರಮುನಿ ಉಣ್ಣಲಿಲ್ಲ. ಮರುದಿನದಿಂದ ಅವನಿಗೂ ಎದೆಯಲ್ಲಿ ಏನೋ ಚುಚ್ಚತೊಡಗಿತು.

ಆ ಅಂಜಿಕೆಯನ್ನು ಅವನ ಮೊಬೈಲು ಚೆನ್ನಾಗಿ ಸಾಕಿತು. ಮದುವೆಯಲ್ಲಿ ಕುಣಿಯುತ್ತ ಬಿದ್ದವನು, ಜಿಮ್ಮಿನಲ್ಲಿ ಬಿದ್ದವನು, ಪಾಠ ಹೇಳುತ್ತ ಬಿದ್ದವನು ಎಂದು ದಿನಕ್ಕೊಂದು ಹರೆಯದ ಹೆಣ ಅದರಲ್ಲಿ ಬರುತ್ತಿತ್ತು. ಮನೆಯಲ್ಲಿ ಕರಿದದ್ದು ನಿಂತಿತು, ಉಪ್ಪಿನಕಾಯಿ ಅಟ್ಟ ಸೇರಿತು. ಮೆಣಸಿನಕಾಯಿ ಮಾರಿ ಉಣ್ಣುವ ಮನೆಯಲ್ಲಿ ಸಾರಿಗೆ ಖಾರ ಹಾಕುವುದೇ ಬಂದ್ ಆಯಿತು. ಹೊನ್ನವ್ವ ಕದರಮಂಡಲಗಿಯ ಆಂಜನೇಯನಿಗೆ ಶನಿವಾರದ ಹರಕೆ ಹೊತ್ತಳು. ರಾಣೆಬೆನ್ನೂರಿನ ಡಾಕ್ಟರು ನೋಡಿ, "ಗ್ಯಾಸ್ ಐತಿ, ಚಹಾ ಕಡಿಮಿ ಮಾಡಿ ದಿನಾ ಒಂದೀಟು ನಡೀರಿ" ಅಂದದ್ದಕ್ಕೆ ರುದ್ರಮುನಿಗೆ ಅವಮಾನವಾಯಿತು. ಹಾವೇರಿಯ ಈ ಹೃದಯದ ಆಸ್ಪತ್ರೆಯಲ್ಲಿ ಎಕೋ ಸ್ಕ್ಯಾನ್ ಮಾಡಿ ಏನೂ ಇಲ್ಲವೆಂದರು. ಅವನು ನಂಬಲಿಲ್ಲ. ಇವತ್ತು ಮತ್ತೆ ಬಂದಿದ್ದ, ಹೆಂಡತಿ ಮತ್ತು ತಾಯಿಯನ್ನು ಕಟ್ಟಿಕೊಂಡು.

ಅಂಜಿದವನನ್ನು ಆಡಿಕೊಳ್ಳಬಾರದು. ಕಣ್ಣೆದುರಿಗೆ ಗೆಳೆಯನನ್ನು ಮಣ್ಣು ಮಾಡಿ ಬಂದವನ ಅಂಜಿಕೆ ಸುಳ್ಳಾಗಿರಲಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬನ ಅಂಜಿಕೆಗೆ ಇಷ್ಟೊಂದು ಜಾಗ ಮಾಡಿಕೊಟ್ಟ ಮೇಲೆ ಇನ್ನೊಬ್ಬಳ ನೋವಿಗೆ ನಿಲ್ಲಲೂ ಜಾಗ ಇಲ್ಲವೆಂದರೆ ಸಿಟ್ಟು ಬರದೆ ಏನು ಬರಬೇಕು?

ಅವರ ಮನೆಯ ಮುಂದೆ ಅಂಗಡಿ, ಹಿಂದೆ ತಗಡಿನ ಶೆಡ್ಡು. ಅಂಗಡಿ ರುದ್ರಮುನಿಯದು, ಶೆಡ್ಡು ಶೈಲಾಳದು. ಮಾರುಕಟ್ಟೆಯಿಂದ ಬಂದ ಕಾಯಿಯ ಚೀಲ ಬಿಚ್ಚುವುದು, ತೊಟ್ಟು ಬಿಡಿಸುವ ಹೆಂಗಸರಿಗೆ ಸುರಿದು ಕೊಡುವುದು, ಕೆಟ್ಟದ್ದನ್ನು ಆರಿಸುವುದು, ಮತ್ತೆ ತುಂಬಿ ಚೀಲದ ಬಾಯಿ ಹೊಲಿಯುವುದು ಎಲ್ಲ ಅವಳದೇ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಎದೆ ಉರಿಯದವರು ಯಾರೂ ಇಲ್ಲ. ಅಲ್ಲಿ ಕೆಮ್ಮನ್ನು ರೋಗವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದವಳು ಶೆಡ್ಡಿಗೆ ಕಾಲಿಟ್ಟು, ಘಾಟು ಹತ್ತಿ, ಕಣ್ಣು ಮೂಗು ಸುರಿಸಿ ಕೆಮ್ಮುವಾಗ ಉಳಿದ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಒಬ್ಬಳು ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟು ಬೆನ್ನು ತಟ್ಟುತ್ತಾಳೆ. ತವರು ಗುತ್ತಲದಿಂದ ಬಂದ ಶೈಲಾಳಿಗೂ ಇಟ್ಟಿದ್ದರು. ಇಟ್ಟವಳು ಹೊನ್ನವ್ವ. "ಇನ್ನ ನೀ ನಮ್ಮ ಊರಾಕಿ ಆದಿ" ಎಂದು ಪ್ರೀತಿಯಿಂದಲೇ ಅಂದಿದ್ದಳು.

ಹೋಳಿ ಹುಣ್ಣಿಮೆಗೆ ಮುಂಚೆ ಒಂದು ದಿನ ಚೀಲ ಎಳೆಯುವಾಗ ಶೈಲಾಳ ಎದೆಯ ನಡುವೆ ಯಾರೋ ಮಂಡಿ ಊರಿ ಕೂತಂತಾಯಿತು. ಅದು ಉರಿಯಾಗಿರಲಿಲ್ಲ, ಒತ್ತಡವಾಗಿತ್ತು. ದವಡೆಯವರೆಗೂ ಏರಿತು. ಅತ್ತೆಗೆ ಹೇಳಿದರೆ ಬೆಲ್ಲ ಕೊಟ್ಟಳು. "ನನಗೂ ಎದಿ ಹಿಡೀತಿತ್ತು. ನಾ ಯಾರ ಮುಂದ ಹೇಳೇನಿ?" ಎಂದಳು. ಶೈಲಾ ಬೆಲ್ಲ ತಿಂದಳು, ನೋವು ಇಳಿಯಿತು, ಘಾಟೇ ಇದ್ದೀತು ಎಂದು ಅವಳೂ ನಂಬಿದಳು. ಮತ್ತೊಮ್ಮೆ ಬಂದಾಗ ಗಂಡನಿಗೆ ಹೇಳಲು ಹೋದಳು. ಅವನು ಮಂಚದ ಮೇಲೆ ಕೂತು ತನ್ನ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದ.

"ತಡಿ, ತಡಿ, ಎಣಿಕಿ ತಪ್ಪತೈತಿ" ಎಂದ. ಎಣಿಸಿ ಮುಗಿದ ಮೇಲೆ, "ಏನಂದಿ? ಎದಿ ನೋವಾ? ಮಾರಿಗೆ ವಸ್ತ್ರ ಕಟಗೊಂಡು ಕೆಲಸಾ ಮಾಡಬೇಕು. ಎಷ್ಟ ಸಲ ಹೇಳೇನಿ" ಎಂದ.

ಅವನ ಎದೆಯಲ್ಲಿ ಚುಚ್ಚಿದರೆ ಅದು ಹೃದಯ, ಅವಳ ಎದೆಯನ್ನು ತುಳಿದರೂ ಅದು ಘಾಟು. ಹೀಗೆ ಹೇಳಬೇಕೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ತೀರ್ಮಾನ ಮಾಡುವ ಅಗತ್ಯವೇ ಬಿದ್ದಿರಲಿಲ್ಲ.

ಈಗ, ಆಸ್ಪತ್ರೆಯ ಪಡಸಾಲೆಯಲ್ಲಿ, ಆ ಮಂಡಿ ಮತ್ತೆ ಬಂದು ಕೂತಿತು. ಈ ಸಲ ಅದು ಏಳುವ ಲಕ್ಷಣ ಕಾಣಲಿಲ್ಲ. ಶೈಲಾಳ ಕುತ್ತಿಗೆಯಿಂದ ಬೆವರು ಇಳಿದು ರವಿಕೆ ತೊಯ್ದುಹೋಯಿತು. ಕಂಕುಳಿನ ಫೈಲು ಜಾರಿ ಬಿತ್ತು. ರುದ್ರಮುನಿಯ ಒಳ್ಳೊಳ್ಳೆಯ ರಿಪೋರ್ಟುಗಳೆಲ್ಲ ನೆಲದ ತುಂಬ ಹರಡಿದವು. ಅವುಗಳ ನಡುವೆಯೇ ಅವಳು ಕುಸಿದು ಕೂತಳು.

"ಏ, ಏಳ! ಮಂದಿ ನೋಡಾಕತ್ತಾರ" ಹೊನ್ನವ್ವ ಕಾಗದ ಬಳಿಯುತ್ತ ಗದರಿದಳು. "ಗಂಡ ಒಳಗ ಮಲಗಿದ್ದ ಹೊತ್ತಿನ್ಯಾಗ ನಿಂದೇನಿದು ಸೋಗು?"

ಸೋಗು ಎಂಬ ಆ ಒಂದು ಮಾತು ಶೈಲಾಳನ್ನು ಎಬ್ಬಿಸಿತು. ಗೋಡೆ ಹಿಡಿದು ಎದ್ದಳು. ಚಪ್ಪಲಿ ಬಿಡಬೇಕೆಂಬ ಬೋರ್ಡನ್ನು ಲೆಕ್ಕಿಸದೆ ಚಪ್ಪಲಿ ಕಾಲಲ್ಲೇ ದಾಟಿ, ಇಸಿಜಿ ಕೋಣೆಯ ಬಾಗಿಲನ್ನು ನೂಕಿದಳು. ಒಳಗೆ ಡಾಕ್ಟರು ಮೀನಾಕ್ಷಿ ಮೇಜಿನ ಬಳಿ ಏನೋ ಬರೆಯುತ್ತಿದ್ದರು. ನರ್ಸು ರುದ್ರಮುನಿಯ ಎದೆಗೆ ಕೊನೆಯ ವೈರು ಅಂಟಿಸುತ್ತಿದ್ದಳು.

"ಇವರನ್ನ ಏಳಸ್ರಿ" ಎಂದಳು ಶೈಲಾ. "ನನಗ ಹಚ್ಚರಿ ಅದನ್ನ."

ರುದ್ರಮುನಿ ಮಲಗಿದಲ್ಲಿಂದಲೇ ಕತ್ತು ಎತ್ತಿದ. "ಶೈಲಾ! ತಲಿ ಕೆಟ್ಟೈತೇನು? ನಂದು ಮುಗೀಲಿ, ತಡಿ."

"ಇನ್ನ ಎಷ್ಟ ತಡೀಲ್ರಿ? ಮನ್ಯಾಗೂ ತಡಿ, ಇಲ್ಲೂ ತಡಿ. ಸತ್ತಮ್ಯಾಲೆ ಪಾಳಿ ಕೊಡ್ತೀರೇನು? ಏಳ್ರಿ ಮ್ಯಾಲೆ!" ಹೆಗಲ ಮೇಲಿದ್ದ ಅಂಗಿಯನ್ನು ಅವನ ಮುಖದ ಮೇಲೆ ಎಸೆದಳು.

ಮದುವೆಯಾದಾಗಿನಿಂದ ಅವಳ ಈ ದನಿಯನ್ನು ರುದ್ರಮುನಿ ಕೇಳಿರಲಿಲ್ಲ. ಡಾಕ್ಟರು ದನಿ ಕೇಳಿ ತಲೆ ಎತ್ತಿದವರು ಅವಳ ಮುಖದ ಬಣ್ಣ ನೋಡಿ ಎದ್ದೇಬಿಟ್ಟರು. "ನೀವು ಇಳೀರಿ. ಲಗೂ ಇಳೀರಿ, ಜಾಗಾ ಬಿಡ್ರಿ" ಎಂದು ರುದ್ರಮುನಿಯ ತೋಳು ಹಿಡಿದು ಎಳೆದರು. ಎದೆಯ ಮೇಲೆ ಒಂದೆರಡು ಬಿಲ್ಲೆ ಅಂಟಿದಂತೆಯೇ ಅವನು ಮೂಲೆಯಲ್ಲಿ ನಿಂತ. ಅವನ ಮೈಯ ಬಿಸಿ ಇನ್ನೂ ಆರದ ಹಾಸಿಗೆಯ ಮೇಲೆ ಶೈಲಾ ಮಲಗಿದಳು.

ಯಂತ್ರದಿಂದ ಕಾಗದ ಹೊರಬರುತ್ತಿದ್ದಂತೆ ಡಾಕ್ಟರು ಅದನ್ನು ನಿಂತಲ್ಲೇ ಓದಿದರು. ನರ್ಸಿಗೆ ಎರಡು ಮಾತು ಹೇಳಿದರು, ಅವಳು ಓಡಿದಳು. ಶೈಲಾಳ ಬಾಯಿಗೆ ಗುಳಿಗೆ ಹಾಕಿ ಅಗಿಯಲು ಹೇಳಿದರು.

"ಯಾವಾಗಿಂದ ಐತಿ ನೋವು?"

"ಮುಂಜಾನಿಂದ ಭಾಳ ಆಗೈತ್ರಿ. ಹೋಳಿ ಹುಣ್ಣಿವಿಗೆ ಮೊದಲಿಂದನ ಬಂದು ಬಂದು ಹೋಗತಿತ್ತು."

"ಯಾರ ಮುಂದೂ ಹೇಳಿಲ್ಲೇನು?"

"ಎಲ್ಲಾರ ಮುಂದೂ ಹೇಳೇನ್ರಿ" ಎಂದಳು ಶೈಲಾ.

ಬಾಗಿಲಲ್ಲಿ ನಿಂತ ಹೊನ್ನವ್ವ ಮುಂದೆ ಬಂದಳು. "ಅದು ಘಾಟ್ರಿ ಬಾಯಾರ. ನಮ್ಮದು ಮೆಣಸಿನಕಾಯಿ ದಂಧೆ. ನಮ್ಮ ಕಡೆ ಎಲ್ಲಾರಿಗೂ—"

"ಅಮ್ಮಾರ, ಇದು ಹಾರ್ಟ್ ಅಟ್ಯಾಕು."

ಹೊನ್ನವ್ವ ಹಾಸಿಗೆಯ ಮೇಲಿನ ಸೊಸೆಯನ್ನು ನೋಡಿದಳು. "ಇಕಿ ಇನ್ನೂ ಸಣ್ಣಾಕ್ರಿ" ಎಂದಳು. ಆಮೇಲೆ ಅರ್ಥವಿಲ್ಲದೆ ಮಗನ ಕಡೆ ಕೈ ತೋರಿಸಿದಳು. "ನಾವು ಬಂದಿದ್ದು ಇವಂಗ ತೋರಸಾಕ್ರಿ."

ಡಾಕ್ಟರು ಶೈಲಾಳ ತೋಳಿಗೆ ಬಿಪಿಯ ಪಟ್ಟಿ ಸುತ್ತಿ, ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. "ಬಸರಿದ್ದಾಗ ಬಿಪಿ ಏರಿತ್ತೇನು?"

"ಸಣ್ಣ ಮಗಳು ಹೊಟ್ಟ್ಯಾಗಿದ್ದಾಗ ಏರಿತ್ರಿ. ಗುಳಿಗಿ ಕೊಟ್ಟಿದ್ರು. ಹಡದಮ್ಯಾಲೆ ಯಾರೂ ನೋಡಲಿಲ್ಲ, ನಾನೂ ಮರತೆ."

ಡಾಕ್ಟರು ಮೂಲೆಗೆ ತಿರುಗಿದರು. ಈಗ ಅವರ ಸಿಟ್ಟು ಅಡಗಲಿಲ್ಲ. "ಮನ್ಯಾಗ ಬಿಪಿ ಮಶಿನ್ ತಂದೇವಿ, ದಿನಾ ನೋಡಕೊಂತೇನಿ ಅಂದಿದ್ರಲ್ಲ ನೀವು? ಇವರಿಗೆ ಒಂದ ಸಲಾನೂ ಹಚ್ಚಿ ನೋಡಿಲ್ಲೇನ್ರಿ?"

ರುದ್ರಮುನಿ ಅಂಗಿಯನ್ನು ಎದೆಗೆ ಅವುಚಿಕೊಂಡ. ಆ ಯಂತ್ರದ ಪಟ್ಟಿಯನ್ನು ಬೆಳಿಗ್ಗೆ ಸಂಜೆ ಅವನ ತೋಳಿಗೆ ಸುತ್ತಿ, ಗುಂಡಿ ಒತ್ತಿ, ಅಂಕಿ ಓದಿ ಹೇಳುತ್ತಿದ್ದವಳು ಶೈಲಾಳೇ. ನಿನ್ನೆಯೂ ಶೆಡ್ಡಿನಿಂದ ಕೈ ತೊಳೆದುಕೊಂಡು ಬಂದು ಸುತ್ತಿದ್ದಳು. ಬಿಚ್ಚಿ, ಮಡಚಿ, ಡಬ್ಬಿಯಲ್ಲಿ ಇಟ್ಟಿದ್ದಳು. ಆ ಪಟ್ಟಿಯನ್ನು ತನ್ನ ತೋಳಿಗೂ ಒಮ್ಮೆ ಸುತ್ತಿಕೊಳ್ಳಬಹುದು ಎಂದು ಅವಳಿಗೂ ಹೊಳೆದಿರಲಿಲ್ಲ. ಮಲಗಿದಲ್ಲಿ ಅದು ನೆನಪಾಗಿ ಅವಳಿಗೆ ತನ್ನ ಮೇಲೂ ಕೆಟ್ಟ ಸಿಟ್ಟು ಬಂತು.

ಅವಳನ್ನು ಒಳಗಿನ ಘಟಕಕ್ಕೆ ಒಯ್ದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೊರಗೆ ಬಂದು ಮನೆಯವರಿಗೆ ಸ್ಪಷ್ಟವಾಗಿಯೇ ಹೇಳಿದರು. ನಾಳೆ ಹುಬ್ಬಳ್ಳಿಗೆ ಕಳಿಸಿ ಮುಂದಿನ ಪರೀಕ್ಷೆ ಮಾಡಿಸಬೇಕು ಎಂದರು. ಹೊನ್ನವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

ಸಂಜೆಯ ಹೊತ್ತಿಗೆ ಶೈಲಾಳ ಎದೆಯ ಮೇಲಿಂದ ಆ ಭಾರ ಇಳಿದಿತ್ತು. ನೋಡಲು ಒಬ್ಬರನ್ನು ಬಿಡುತ್ತೇವೆ ಎಂದಾಗ ರುದ್ರಮುನಿ ಬಂದ. ಕಣ್ಣು ಕೆಂಪಾಗಿದ್ದವು, ಅತ್ತಿದ್ದ. ನಿಜಕ್ಕೂ ಅತ್ತಿದ್ದ. ಮಂಚದ ಕಾಲ ಕಡೆ ನಿಂತು ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡ.

"ಹೆಂಗ ಅನಸ್ತೈತಿ ಈಗ?"

"ಹಗರ ಆಗೈತಿ."

ರುದ್ರಮುನಿ ಸಲೈನಿನ ಬಾಟಲಿ ನೋಡಿದ. ಅವಳಿಗೆ ಧೈರ್ಯ ಬರುವಂಥದ್ದು ಏನಾದರೂ ಹೇಳಬೇಕು ಅನ್ನಿಸಿತು.

"ನೀ ಏನೂ ಚಿಂತಿ ಮಾಡಬ್ಯಾಡ" ಎಂದ. "ನೀ ಒಳಗಿದ್ದಾಗ ನಂದೂ ಇಸಿಜಿ ತಗದ್ರು. ಎಲ್ಲಾ ನಾರ್ಮಲ್ ಐತಂತ."

ಶೈಲಾ ಅವನನ್ನೇ ನೋಡಿದಳು. ಅವಳು ಇಲ್ಲಿ ಸಾವಿನ ಜೊತೆ ಹಗ್ಗ ಜಗ್ಗುತ್ತಿದ್ದಾಗ ಅವನು ಮತ್ತೆ ಆ ಹಾಸಿಗೆಯ ಮೇಲೆ ಮಲಗಿದ್ದ, ಅಂಗಿ ಬಿಚ್ಚಿ, ಉಸಿರು ಹಿಡಿದು. ಮುಂಜಾನೆಯ ಸಿಟ್ಟು ಕೂಗಿಸಿತ್ತು. ಈಗ ಬಂದ ಸಿಟ್ಟಿಗೆ ಕೂಗುವ ಅವಸರ ಇರಲಿಲ್ಲ.

"ಚಲೋ ಆತು" ಎಂದಳು. "ಹಂಗಾರ ಮನೀಗೆ ನಡೀರಿ. ಹುಡುಗೂರು ಸಾಲಿಯಿಂದ ಬಂದು ಬಾಗಲದಾಗ ಕುಂತಿರತಾವ. ಅನ್ನಕ್ಕಿಡ್ರಿ."

"ನಾನಾ?"

"ನೀವ. ಎದಿ ಗಟ್ಟಿ ಐತೆಲ್ಲ."

"ಅವ್ವ ಇಲ್ಲೇ ನಿನ್ನ ಕೂಡ ಇರತಾಳ..."

"ಅತ್ತೀನೂ ಕರಕೊಂಡು ಹೋಗ್ರಿ. ಗುತ್ತಲಕ್ಕ ಫೋನ್ ಹಚ್ಚರಿ, ನಮ್ಮವ್ವ ಬರತಾಳ."

ರುದ್ರಮುನಿ ಹೊರಗೆ ಹೋದ. ಬಾಗಿಲಿನ ಗಾಜಿನಾಚೆ ಹೊನ್ನವ್ವ ಮೊಣಕಾಲು ಹಿಡಿದು ಏಳುವುದು ಶೈಲಾಳಿಗೆ ಕಂಡಿತು. ಅತ್ತೆ ಏನೋ ಕೇಳಿದಳು, ಅವನು ಏನೋ ಹೇಳಿದ. ಹೊನ್ನವ್ವ ಎರಡೂ ಕೈಯಿಂದ ಮಗನ ಎದೆ ಸವರಿದಳು, ಮುಖ ಸವರಿದಳು, ಆ ಕೈಗಳನ್ನು ಹಾಗೇ ಕಣ್ಣಿಗೊತ್ತಿಕೊಂಡಳು. ಆಮೇಲೆ ಗಾಜಿನ ಹತ್ತಿರ ಬಂದು ಒಳಗೆ ಇಣುಕಿದಳು.

ಶೈಲಾ ಮುಖ ತಿರುಗಿಸಿದಳು.

"ಸಿಸ್ಟರ್, ಒಂದೀಟು ನೀರು ಕೊಡ್ರಿ ನನಗ."

ನರ್ಸು ಬಂದು ಅವಳ ತಲೆಯ ಕೆಳಗೆ ಕೈಯಿಟ್ಟು ಎತ್ತಿ, ಲೋಟವನ್ನು ತುಟಿಗೆ ಹಿಡಿದಳು. ಶೈಲಾ ನಿಧಾನವಾಗಿ ಕುಡಿದಳು. ಸಾಕೇನು ಎಂದು ನರ್ಸು ಕೇಳಿದ್ದಕ್ಕೆ ಇಲ್ಲ, ಇನ್ನೂ ಬೇಕು ಎಂದಳು.