ಅರ್ಧ ಗುಳ್ಳೆಯಷ್ಟು ಇಳಿಜಾರು

ಬಡಗಿಗಳು ಬಳಸುವ ರಸಮಟ್ಟದ ನಡುವಿನ ಗಾಜಿನ ಕೊಳವೆಯೊಳಗೆ ಒಂದು ಗಾಳಿಗುಳ್ಳೆ ಇರುತ್ತದೆ, ಕಡಲೆಕಾಳಿನಷ್ಟು. ಮರ ಮಟ್ಟವಾಗಿದ್ದರೆ ಅದು ಎರಡು ಕಪ್ಪು ಗೆರೆಗಳ ನಡುವೆ ಬಂದು ನಿಲ್ಲುತ್ತದೆ. ಒಂದು ಕಡೆ ಚೂರು ಎತ್ತರವಾದರೂ ಆ ಕಡೆಗೆ ಜಾರಿಬಿಡುತ್ತದೆ. ನನಗೆ ಅಕ್ಷರ ಓದಲು ಬರುವ ಮುಂಚೆಯೇ ಆ ಗುಳ್ಳೆಯನ್ನು ಓದಲು ಬಂದಿತ್ತು. ಅಪ್ಪ ಕಿಟಕಿಯ ಚೌಕಟ್ಟನ್ನು ಗೋಡೆಯಲ್ಲಿ ನಿಲ್ಲಿಸಿ, ಅದರ ಮೇಲೆ ರಸಮಟ್ಟ ಇಟ್ಟು, ಪಕ್ಕದಲ್ಲಿ ನಿಂತ ನನ್ನನ್ನು ಕೇಳುತ್ತಿದ್ದ: "ಗುಳ್ಳೆ ಎಲ್ಲಿದೆ?"

ನಮ್ಮಪ್ಪ ಮೌನೇಶಾಚಾರಿ ಮಾಡಿದ ಕಿಟಕಿಗಳು ನಮ್ಮ ಊರಿನ ಅರ್ಧ ಮನೆಗಳಲ್ಲಿದ್ದವು. ಮಳೆಗಾಲದಲ್ಲಿ ಉಬ್ಬಿ ಹಟ ಹಿಡಿಯದ, ಬೇಸಿಗೆಯಲ್ಲಿ ಸಡಿಲಾಗಿ ಗಡಗಡ ಎನ್ನದ ಕಿಟಕಿಗಳು. ಪ್ರತಿ ಚೌಕಟ್ಟಿನಲ್ಲೂ ಗೋಡೆಯೊಳಗೆ ಮರೆಯಾಗುವ ಭಾಗದ ಮೇಲೆ ಅವನು ಪೆನ್ಸಿಲಿನಿಂದ 'ಮೌ' ಎಂದು ಬರೆಯುತ್ತಿದ್ದ. ಅದರ ಪಕ್ಕದಲ್ಲಿ ನನ್ನ ಅಕ್ಷರವೂ ಒಂದಿರಲಿ ಎಂದು ಹತ್ತು ವರ್ಷದವಳಾಗಿದ್ದಾಗ ಕೇಳಿದ್ದೆ. ಕೆಲಸ ಕಲಿ, ಆಮೇಲೆ ನೋಡೋಣ ಎಂದಿದ್ದ. ಕಲಿತೆ. ಗರಗಸ, ಉಳಿ, ಹತ್ತರಿ ಎಲ್ಲ ಹಿಡಿದೆ, ಮದುವೆಯಾದ ಮೇಲೂ ಬಿಡಲಿಲ್ಲ. ಅಪ್ಪ ಮಾತ್ರ ಆ ಮಾತನ್ನು ಮರೆತವನಂತೆ ಇದ್ದ. ನಾನು ಮರೆತಿರಲಿಲ್ಲ. ನನಗೆ ಸೊಕ್ಕು ಜಾಸ್ತಿ ಎಂದು ಜನ ಆಡಿಕೊಳ್ಳುತ್ತಿದ್ದರು, ಅದೇನೂ ಸುಳ್ಳಲ್ಲ.

ಗುಳ್ಳೆಯ ವಿಷಯದಲ್ಲಿ ನಾನು ಒಂದೇ ಒಂದು ಸಲ ಸುಳ್ಳು ಹೇಳಿದ್ದುಂಟು. ಆಗ ಚಿಕ್ಕವಳು. ಕುಂಟೆಬಿಲ್ಲೆ ಆಟಕ್ಕೆ ಗೆಳತಿಯರು ಬೀದಿಯಲ್ಲಿ ಕಾಯುತ್ತಿದ್ದರು. ಸರಿಯಾಗಿ ನೋಡದೆ, ಮಧ್ಯದಲ್ಲಿದೆ ಎಂದುಬಿಟ್ಟೆ. ಅಪ್ಪ ಬಗ್ಗಿ ತಾನೇ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಆ ಮನೆಯಲ್ಲಿ ಬೆಳಗಿನಿಂದ ಕೂರಿಸಿದ್ದ ಮೂರು ಚೌಕಟ್ಟುಗಳನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಕೂರಿಸಿದ. ಒಂದು ಸುಳ್ಳಾದ ಮೇಲೆ ಉಳಿದೆರಡು ನಿಜವೆಂದು ಹೇಗೆ ನಂಬುವುದು ಎಂದಷ್ಟೇ ಕೇಳಿದ. ಅವತ್ತಿನಿಂದ ನಾನು ಆ ಗುಳ್ಳೆಯ ಹತ್ತಿರ ಆಟ ಆಡಲಿಲ್ಲ.

ಈಗ ಹೇಳಹೊರಟಿರುವುದು ಒಂದು ಬೇಸಿಗೆಯ ಮಾತು. ನನ್ನ ಮಗಳು ಪಾವನಿಗೆ ಆಗ ನಾಲ್ಕು ವರ್ಷ. ಅವಳ ಮೈಯಲ್ಲಿ ಹುಟ್ಟಿನಿಂದಲೇ ಬೆವರು ಬರುತ್ತಿರಲಿಲ್ಲ. ಬೆವರು ಬಾರದವರಿಗೆ ಬಿಸಿಲು ಎಂದರೆ ಏನೆಂದು ಬೆವರುವವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಧ್ಯಾಹ್ನವಾಗುತ್ತಿದ್ದಂತೆ ಅವಳ ಮೈ ಕಾದ ಹಂಚಾಗುತ್ತಿತ್ತು. ಒದ್ದೆ ಬಟ್ಟೆ ಸುತ್ತುತ್ತಿದ್ದೆವು, ತೊಟ್ಟಿಯಲ್ಲಿ ಕೂರಿಸುತ್ತಿದ್ದೆವು. ಆ ವರ್ಷ ಒಂದು ದಿನ ಜ್ವರ ನೆತ್ತಿಗೇರಿ ಮಗು ಸೆಟೆದುಕೊಂಡಿತು. ಇನ್ನೊಂದು ಸಲ ಹೀಗಾಗಲು ಬಿಡಬೇಡಿ, ಒಂದು ಕೋಣೆಯನ್ನಾದರೂ ತಂಪಾಗಿಡಿ ಎಂದು ಡಾಕ್ಟರು ಹೇಳಿದರು.

ಮುಚ್ಚಿಹೋಗುತ್ತಿದ್ದ ಒಂದು ಲಾಡ್ಜಿನಿಂದ ನನ್ನ ಗಂಡ ಶ್ರೀಕಂಠ ಹಳೆಯ ಕಿಟಕಿ ಏಸಿಯೊಂದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ತಂದರು. ನಾವು ಅಪ್ಪನ ಮನೆಯಲ್ಲೇ ಇದ್ದೆವು. ಹೊರಗೆ ಮಲಗಿದ್ದ ಆ ಯಂತ್ರದ ಸುತ್ತ ಅಪ್ಪ ಎರಡು ಸುತ್ತು ಬಂದು, ಅಂಗೈಯಿಂದ ಮೈಯೆಲ್ಲ ಸವರಿ, ಇದನ್ನು ಹೊರುವ ಚೌಕಟ್ಟನ್ನು ತಾನೇ ಮಾಡುತ್ತೇನೆಂದ. ನನ್ನ ಗಂಡ ಮಿಕ್ಸಿಯ ಎಕ್ಸ್‌ಟೆನ್ಷನ್ ಬೋರ್ಡು ತಂದು, ಇದಕ್ಕೇ ಸಿಕ್ಕಿಸಿದರಾಯಿತು ಎಂದರು. ವೈರಿಂಗ್ ಮಾಡಲು ಬಂದಿದ್ದ ಗೌಸಣ್ಣ ಅವರನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮನೆಗೆ ಬೆಂಕಿ ಇಡುವ ಯೋಚನೆ ಇದ್ದರೆ ಸೀಮೆಎಣ್ಣೆ ಸಾಕು, ಇಷ್ಟು ದೊಡ್ಡ ಯಂತ್ರ ಯಾಕೆ ಎಂದು ಕೇಳಿದ. ಮೀಟರಿನಿಂದ ನೇರವಾಗಿ ದಪ್ಪ ತಂತಿ ಎಳೆದ, ಅದಕ್ಕೇ ಬೇರೆ ಟ್ರಿಪ್ ಸ್ವಿಚ್ಚು ಹಾಕಿದ, ಕಿಟಕಿಯ ಕೆಳಗೆ ಪವರ್ ಪ್ಲಗ್ಗು ಕೂರಿಸಿ ಅರ್ಥಿಂಗ್ ಸರಿಯಿದೆಯೆಂದು ಎರಡೆರಡು ಸಲ ನೋಡಿಕೊಂಡ.

ಬೀದಿಯ ಕಡೆಯ ಕಿಟಕಿಗೆ ಸಂಜೆಯ ಬಿಸಿಲು ಬಡಿಯುತ್ತಿತ್ತು. ಯಂತ್ರವೇ ಬೆಂದುಹೋದರೆ ಕೋಣೆಯನ್ನೇನು ತಂಪು ಮಾಡೀತು? ಅದಕ್ಕೇ ಹಿತ್ತಲಿನ ಕಡೆಯ ಕಿಟಕಿಯನ್ನು ಆರಿಸಿದೆವು. ನಮ್ಮದು ದಪ್ಪ ಗೋಡೆ. ಯಂತ್ರದ ಪಕ್ಕೆಯಲ್ಲಿರುವ ಜಾಲರಿಗಳು ಗೋಡೆಯೊಳಗೆ ಹೂತುಹೋಗಬಾರದು, ಅವು ಹೊರಗಿದ್ದು ಉಸಿರಾಡಬೇಕು ಎಂದು ಗೌಸಣ್ಣ ಹೇಳಿದ. ಅಪ್ಪನೂ ನಾನೂ ಹೊನ್ನೆಮರದಲ್ಲಿ ಹೊರಕ್ಕೆ ಚಾಚಿದ ಪೆಟ್ಟಿಗೆಯಂಥ ಚೌಕಟ್ಟು ಮಾಡಿ, ಭಾರ ತಡೆಯಲು ಅದಕ್ಕೆ ಹೊರಗಡೆ ಕೆಳಗಿನಿಂದ ಎರಡು ಗಟ್ಟಿ ಊರೆಗಳನ್ನು ಕೊಟ್ಟು ಬೆಣೆ ಬಿಗಿದೆವು. ಭಾರವೆಲ್ಲ ಹಿಂಭಾಗದಲ್ಲೇ ಇರುವ ಯಂತ್ರ ಅದು. ಒಳಗಿನಿಂದ ಹಗ್ಗ ಬಿಗಿದು, ಊರೆಗಳ ಮೇಲೆ ಸರಿಯಾಗಿ ಕೂತಮೇಲಷ್ಟೇ ಹಗ್ಗ ಸಡಿಲಿಸಿದೆವು.

ತಕರಾರು ಬಂದದ್ದು ಒಂದೇ ಮಾತಿಗೆ. ತಂಪಿಗೆ ಯಂತ್ರದೊಳಗೆ ಕೂಡುವ ನೀರು ಹೊರಗೆ ಹೋಗಬೇಕಾದರೆ ಹೊರಗಡೆಗೆ ಅರ್ಧ ಬೆರಳಿನಷ್ಟು ಇಳಿಜಾರು ಬೇಕು ಎಂದ ಗೌಸಣ್ಣ.

"ಇಳಿಜಾರು ಬೇಕಾದ್ರೆ ಹಂಚು ಹೊದಿಸೋನನ್ನ ಕರಿ ಗೌಸು. ನಾನು ಕಿಟಕಿ ಕೂರಿಸೋನು," ಎಂದ ಅಪ್ಪ.

ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು, ಎಂದಿನಂತೆ ಬಗ್ಗಿ, ಗುಳ್ಳೆ ಎಲ್ಲಿದೆ ಎಂದು ಕೇಳಿದ. ಮಧ್ಯದಲ್ಲಿದೆ ಎಂದೆ. ಇತ್ತು ಕೂಡ. ಯಂತ್ರ ಗುರ್ ಎಂದಿತು, ತಣ್ಣನೆಯ ಗಾಳಿ ಬಂತು, ಪಾವನಿ ಅದರ ಮುಂದೆ ನಿಂತು ಅಂಗೈ ಒಡ್ಡಿದಳು. ಆ ಮಧ್ಯಾಹ್ನ ಅವಳು ಮೊದಲ ಸಲ ಹೊದಿಕೆ ಕೇಳಿದಳು. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ.

ಮೂರನೆಯ ದಿನ ಮಗುವಿನ ಹಾಸಿಗೆಯ ಒಂದು ಮೂಲೆ ಒದ್ದೆಯಾಗಿತ್ತು. ಅವಳೇ ಮಾಡಿಕೊಂಡಿರಬೇಕು ಎಂದುಕೊಂಡು ಬದಲಾಯಿಸಿದೆ. ಆಮೇಲೆ ನೋಡಿದರೆ ಯಂತ್ರದ ಮುಂಭಾಗದಿಂದ ನೀರು ಇಳಿದು, ಗೋಡೆಯನ್ನು ಸವರಿಕೊಂಡು, ಪ್ಲಗ್ಗಿನ ಒಂದು ಗೇಣು ಪಕ್ಕಕ್ಕೆ ಬಂದಿತ್ತು. ಗೌಸಣ್ಣನನ್ನು ಕರೆಸಿದೆವು. ಅವನು ಬಂದವನೇ ಸ್ವಿಚ್ಚು ಇಳಿಸಿ ಪ್ಲಗ್ಗು ಕಿತ್ತು ತನ್ನ ಚೀಲದ ಮೇಲೆ ಕೂತ. ಇಳಿಜಾರು ಕೊಡುವವರೆಗೆ ಇದನ್ನು ಹಾಕಲು ತಾನು ಬಿಡುವುದಿಲ್ಲವೆಂದ. ಹೊರಗೆ ಬಿಸಿಲು ಸುಡುತ್ತಿತ್ತು. ಗಂಟೆ ಕಳೆಯುವಷ್ಟರಲ್ಲಿ ಪಾವನಿಯ ಕಂಕುಳಿನಲ್ಲಿಟ್ಟ ಥರ್ಮಾಮೀಟರು ನೂರಮೂರು ತೋರಿಸಿತು.

ಅಪ್ಪ ಬಗ್ಗಲಿಲ್ಲ. ತನ್ನ ಕೆಲಸದಲ್ಲಿ ತಪ್ಪಿಲ್ಲ, ಯಂತ್ರವೇ ಕೆಟ್ಟಿದೆ, ಬೇಕಾದರೆ ಈಗಲೇ ನೋಡಿ ಎಂದು ರಸಮಟ್ಟ ತಂದು ಚೌಕಟ್ಟಿನ ಮೇಲೆ ಇಟ್ಟ. ಬಗ್ಗಿ ಕಣ್ಣು ಕಿರಿದಾಗಿಸಿ ನೋಡಿದ. "ಗುಳ್ಳೆ ಎಲ್ಲಿದೆ?" ಎಂದ.

ರಸಮಟ್ಟ ಮಗ್ಗುಲಾಗಿ ಮಲಗಿತ್ತು. ಅದರ ಗಾಜು ಗೋಡೆಯ ಕಡೆಗೆ ತಿರುಗಿತ್ತು. ಅಪ್ಪ ನೋಡುತ್ತಿದ್ದದ್ದು ಬರೀ ಮರವನ್ನು.

ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಸದ್ದಿಲ್ಲದೆ ರಸಮಟ್ಟವನ್ನು ತಿರುಗಿಸಿ, ಮಧ್ಯದಲ್ಲಿದೆ ಅಪ್ಪ ಎಂದೆ. ನೋಡಿದೆಯಾ ಎನ್ನುವಂತೆ ಅವನು ಗೌಸಣ್ಣನತ್ತ ತಲೆ ತಿರುಗಿಸಿ, ಮಗುವನ್ನು ಎತ್ತಿಕೊಂಡು ಪಡಸಾಲೆಗೆ ಹೋದ. ಅವಳ ಕೈಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೂತ.

ಅವನ ಕಣ್ಣಿಗೆ ಪೊರೆ ಯಾವಾಗ ಬಂತು? ಪತ್ರಿಕೆ ಬೇಡವೆಂದದ್ದು ಯಾವಾಗ, ಗುರುತು ಹಾಕುವ ಕೆಲಸವನ್ನೆಲ್ಲ ನನಗೆ ಬಿಟ್ಟದ್ದು ಯಾವಾಗ? ಚಿಕ್ಕವಳಿದ್ದಾಗ ಅವನು ಕೇಳುತ್ತಿದ್ದದ್ದು ನನ್ನನ್ನು ಪರೀಕ್ಷಿಸಲು. ಅದೇ ಮಾತು ಯಾವ ಕಿಟಕಿಯ ಹತ್ತಿರ ನಿಜವಾದ ಪ್ರಶ್ನೆಯಾಯಿತೋ ನನಗೆ ಗೊತ್ತೇ ಆಗಿರಲಿಲ್ಲ.

ಗಂಡ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ನಾವು ಇಳಿಜಾರು ಕೊಟ್ಟುಬಿಡೋಣ. ಮಾವ ಕೇಳಿದ್ರೆ ಮಧ್ಯದಲ್ಲೇ ಇದೆ ಅಂದ್ಬಿಡು. ಅವರಿಗೇನು ಕಾಣುತ್ತಾ? ಅವರ ಮನಸ್ಸೂ ನೋಯಲ್ಲ, ಮಗುವೂ ಉಳಿಯುತ್ತೆ." ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಹೂಂ ಎಂದೆ.

ಅವರೂ ಗೌಸಣ್ಣನೂ ಯಂತ್ರವನ್ನು ಒಳಕ್ಕೆ ಎಳೆದು ಇಳಿಸಿದರು. ನಾನು ಹಿತ್ತಲಿಗೆ ಹೋಗಿ ಊರೆಗಳ ಮೇಲಿನ ಬೆಣೆಗಳನ್ನು ಸಡಿಲಿಸಿ, ಅವುಗಳ ಒಂದು ಪದರ ಕೆತ್ತಿ ಮತ್ತೆ ಸೇರಿಸಿದೆ. ಅಡ್ಡಕ್ಕೆ ಮಟ್ಟ ತಪ್ಪದಂತೆ, ಉದ್ದಕ್ಕೆ ಮಾತ್ರ ಹೊರಗಡೆ ಅರ್ಧ ಬೆರಳು ಇಳಿಯುವಂತೆ. ಯಂತ್ರವನ್ನು ಮತ್ತೆ ಏರಿಸಿದೆವು. ಬೆಣೆಗಳನ್ನು ಬಡಿದು ಬಿಗಿ ಮಾಡುವುದಷ್ಟೇ ಉಳಿದಿತ್ತು. ಆಗ ಅಪ್ಪ ಬಂದ. ಮಗುವನ್ನು ನನ್ನ ಗಂಡನ ಕೈಗೆ ಕೊಟ್ಟು, ತಡವರಿಸಿಕೊಂಡು, ರಸಮಟ್ಟವನ್ನು ಯಂತ್ರದ ನೆತ್ತಿಯ ಮೇಲೆ ಇಟ್ಟ. ಈ ಸಲ ಗಾಜು ಮೇಲಿತ್ತು.

"ಗುಳ್ಳೆ ಎಲ್ಲಿದೆ?"

ಗೌಸಣ್ಣ ನೆಲ ನೋಡಿದ. ಗಂಡ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಗುಳ್ಳೆ ನನ್ನ ಕಣ್ಣೆದುರಿಗೇ ಇತ್ತು, ಅರ್ಧ ಗೆರೆಯ ಆಚೆ, ಅರ್ಧ ಈಚೆ.

"ಮಧ್ಯದಲ್ಲಿ ಇಲ್ಲಪ್ಪ," ಎಂದೆ. "ಅರ್ಧ ಗುಳ್ಳೆ ಒಳಗಡೆಗೆ ಬಂದಿದೆ. ನಾನೇ ಹೊರಗಡೆ ಇಳಿಸಿದ್ದು. ಇದು ಕಿಟಕಿ ಅಲ್ಲ, ಇದಕ್ಕೆ ಹೀಗೇ ಇರ್ಬೇಕು. ನೀನು ಬೈದ್ರೂ ಸರಿ, ನಾನು ಮತ್ತೆ ಎತ್ತಲ್ಲ."

ಅಪ್ಪ ರಸಮಟ್ಟದ ಗಾಜನ್ನು ಬೆರಳಿನಿಂದ ಸವರಿದ. ಮಗು ನನ್ನ ಗಂಡನ ಹೆಗಲ ಮೇಲೆ ನರಳಿತು.

"ಅರ್ಧ ಅಂದ್ರೆ ಸರಿಯಾಗಿ ಅರ್ಧನಾ?" ಎಂದು ಅಪ್ಪ ಕೇಳಿದ.

"ಸರಿಯಾಗಿ ಅರ್ಧ."

"ಹಾಗಾದ್ರೆ ಬೆಣೆ ಬಡಿ," ಎಂದ. ಆಮೇಲೆ ನನ್ನ ಗಂಡನ ಕಡೆಗೆ ತಿರುಗಿ, "ನನ್ನ ಕಣ್ಣು ಹೋಗಿದೆ ಶ್ರೀಕಂಠ, ಕಿವಿ ಹೋಗಿಲ್ಲ. ಆರು ವರ್ಷದಿಂದ ಈ ಊರಲ್ಲಿ ನಾನು ಕೂರಿಸಿದ ಕಿಟಕಿ ಎಲ್ಲಾ ಇವಳ ಒಂದು ಮಾತಿನ ಮೇಲೆ ನಿಂತಿವೆ. ಈಗ ಇವಳು ಮಧ್ಯ ಅಂದಿದ್ರೆ, ನಾನು ಮನೆಮನೆಗೂ ಹೋಗಿ ಅವನ್ನೆಲ್ಲ ಬಿಚ್ಚಿ ನೋಡ್ಬೇಕಾಗ್ತಿತ್ತು" ಎಂದ.

ನನ್ನ ಗಂಡನ ಮುಖ ಕೆಂಪಾಯಿತು. ನನಗೆ ಆಗಿದ್ದೇನೆಂದು ನೇರವಾಗಿಯೇ ಹೇಳಿಬಿಡುತ್ತೇನೆ: ಹೆಮ್ಮೆಯಿಂದ ಎದೆ ಉಬ್ಬಿತು. ಆರು ವರ್ಷಗಳ ಕಿಟಕಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಶಾಲೆಯ ಉದ್ದನೆಯ ಸಾಲು, ಹೆರಿಗೆ ಆಸ್ಪತ್ರೆಯ ಎತ್ತರದ ಎರಡು, ಗೌಸಣ್ಣನ ಮನೆಯ ಹಸಿರು ಬಣ್ಣದ್ದು. ಅವೆಲ್ಲ ನನ್ನ ಕಣ್ಣಿನವು.

ಬೆಣೆ ಬಡಿದೆ. ಗೌಸಣ್ಣ ಪ್ಲಗ್ಗು ಹಾಕಲು ಎದ್ದ. ಅಪ್ಪ ತಡೆದು, ಕಿವಿಯ ಹಿಂದಿದ್ದ ಪೆನ್ಸಿಲು ತೆಗೆದು ನನ್ನ ಕಡೆ ಚಾಚಿದ. ಯಂತ್ರದ ಅಡಿಯ ಹಲಗೆಯ ಮೇಲೆ ನಿನ್ನ ಅಕ್ಷರ ಬರಿ ಎಂದ. ಅದಕ್ಕಾಗಿ ಮತ್ತೆ ಇಳಿಸಬೇಕಾ ಎಂದು ನನ್ನ ಗಂಡ ಗೊಣಗಿದರು. ಪಿಸುಗುಟ್ಟಿದವರು ಅಷ್ಟಾದರೂ ಹೊರಬೇಕು ಎಂದ ಗೌಸಣ್ಣ. ಮಗುವನ್ನು ಅಪ್ಪ ಮತ್ತೆ ಎತ್ತಿಕೊಂಡ, ಇಬ್ಬರೂ ಸೇರಿ ಮುಂಭಾಗವನ್ನು ಒಂದು ಗೇಣು ಎತ್ತಿ ಹಿಡಿದರು. ನಾನು ಕೈ ತೂರಿಸಿ, 'ಮೌ' ಎಂಬುದರ ಪಕ್ಕದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಆ ಸಂದಿಯಲ್ಲಿ ಕೈ ಆಡದೆ ಅದು ಸೊಟ್ಟಗಾಯಿತು.

ಯಂತ್ರ ಶುರುವಾಯಿತು. ಅಪ್ಪ ಊದುಬತ್ತಿ ಹಚ್ಚಿಕೊಡು ಎಂದು ಕೇಳಿ, ಅದನ್ನು ಚೌಕಟ್ಟಿನ ಸುತ್ತ ಹಿಡಿದುಕೊಂಡು ಹೋಗಲು ನನಗೆ ಹೇಳಿದ. ಹೊಗೆ ವಾಲಿದ ಕಡೆಯಲ್ಲೆಲ್ಲ ಸಂದು ಇತ್ತು. ಹಳೆಯ ಕಂಬಳಿಯ ಪಟ್ಟಿಗಳನ್ನು ಅಲ್ಲಿ ತುರುಕಿದೆವು. ಕೊನೆಗೆ ಹೊಗೆ ನೆಟ್ಟಗೆ ಮೇಲೇರಿತು. ಸಂಜೆಯ ಹೊತ್ತಿಗೆ ಪಾವನಿಯ ಮೈ ತಣ್ಣಗಾಗಿತ್ತು. ಹಿತ್ತಲಿನಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಮಳೆಗಾಲದ ಕೊನೆಯಲ್ಲಿ ಅಪ್ಪನಿಗೆ ಕಣ್ಣಿನ ಆಪರೇಷನ್ನು ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವನು ಕಾಫಿಯನ್ನೂ ಕುಡಿಯದೆ, ಕಪ್ಪು ಕನ್ನಡಕದಲ್ಲೇ ನೆಟ್ಟಗೆ ಆ ಕೋಣೆಗೆ ಹೋದ. ನಾನು ಬಾಗಿಲಲ್ಲಿ ನಿಂತೆ. ರಸಮಟ್ಟವನ್ನು ಯಂತ್ರದ ಮೇಲಿಟ್ಟು, ಕನ್ನಡಕ ಹಣೆಗೇರಿಸಿ, ತುಂಬಾ ಹೊತ್ತು ನೋಡಿದ. ಪಾವನಿಯನ್ನು ಕರೆದು ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿ, ಗುಳ್ಳೆ ಎಲ್ಲಿದೆ ಎಂದು ಕೇಳಿದ.

ಅವಳು ಮೂಗನ್ನು ಗಾಜಿಗೆ ತಾಗಿಸಿ ನೋಡಿದಳು. "ಮಧ್ಯದಲ್ಲಿ ಇಲ್ಲ ತಾತ. ಚೂರು ಈ ಕಡೆ ಇದೆ."

"ನಿಮ್ಮಮ್ಮ ಇಟ್ಟಿರೋದು," ಎಂದ ಅಪ್ಪ. "ಅಲ್ಲೇ ಇರಲಿ."

ಹೊರಗೆ, ನೀರು ಬೀಳುವ ಜಾಗದಲ್ಲಿ, ಯಾರೂ ನೆಡದ ಒಂದೆಲಗ ಒಂದು ತಟ್ಟೆಯಷ್ಟು ಅಗಲಕ್ಕೆ ಹಬ್ಬಿತ್ತು. ಒಂದು ಹನಿ ಎಲೆಯ ಮೇಲೆ ಬಿದ್ದು, ಒಂದು ಕ್ಷಣ ನಿಂತು, ಇಳಿಜಾರಿನ ಕಡೆಗೆ ಜಾರಿತು.