ಬಾರದವರ ಪರವಾಗಿ

ಹಳೆಯ ಶಾಲೆಯಲ್ಲಿ ಹಾಜರಿ ಮುಗಿಯಲು ಕಾಲು ಗಂಟೆ ಹಿಡಿಯುತ್ತಿತ್ತು. ಬಾರದ ಮಗುವಿನ ಪರವಾಗಿ ಪಕ್ಕದಲ್ಲಿ ಕೂರುವವರು ಎದ್ದು ಕಾರಣ ಹೇಳಬೇಕು. ಅವಳ ತಮ್ಮನಿಗೆ ಜ್ವರ, ಅವನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಗಿದೆ, ಹೀಗೆ. ಯಾರು ಶುರುಮಾಡಿದ ಪದ್ಧತಿಯೋ, ಯಾವ ನಿಯಮದಲ್ಲೂ ಬರೆದಿರಲಿಲ್ಲ. ಗೊತ್ತಿಲ್ಲ ಎನ್ನಲು ಮಾತ್ರ ಅಲ್ಲಿ ಮಕ್ಕಳಿಗೆ ನಾಚಿಕೆಯಾಗುತ್ತಿತ್ತು.

ಮಕ್ಕಳು ಕಡಿಮೆಯಾಗಿ ಆ ಶಾಲೆಗೆ ಬೀಗ ಬಿತ್ತು. ಇದ್ದವರು ದಿಕ್ಕಿಗೊಬ್ಬರಂತೆ ಚದುರಿದರು. ಇಪ್ಪತ್ತಾರು ವರ್ಷ ಅಲ್ಲೇ ಪಾಠ ಹೇಳಿದ್ದ ಟೀಚರ್ ಒಬ್ಬರೇ ಈ ಮೂರಂತಸ್ತಿನ ಶಾಲೆಗೆ ಬಂದರು. ಸ್ಟಾಫ್ ರೂಮಿನ ಪ್ರತಿ ಕುರ್ಚಿಗೂ ಒಬ್ಬೊಬ್ಬ ಒಡೆಯರಿದ್ದರು. ಮೊದಲ ವಾರವೆಲ್ಲ ಟೀಚರ್ ಕಿಟಕಿಗೆ ಒರಗಿ ನಿಂತೇ ಊಟದ ಡಬ್ಬಿ ಖಾಲಿ ಮಾಡಿದರು. ಅದನ್ನು ಕಂಡ ಆಯಾ ಲ್ಯಾಬಿನಿಂದ ಒಂದು ಸ್ಟೂಲು ಎತ್ತಿ ತಂದಿಟ್ಟಳು.

ಇಲ್ಲಿ ಹಾಜರಿಗೆ ಹೆಸರಿಲ್ಲ, ನಂಬರು. ಐವತ್ತೆರಡು ಮಕ್ಕಳು, ಎರಡು ನಿಮಿಷ. ಟೀಚರ್ ಮಾತ್ರ ಉತ್ತರ ಬಾರದ ನಂಬರಿನ ಹತ್ತಿರ ನಿಂತುಬಿಡುತ್ತಿದ್ದರು. ಯಾಕೆ ಬಂದಿಲ್ಲ, ಯಾರಿಗಾದರೂ ಗೊತ್ತೇ ಎಂದರೆ ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಮೊದಲ ಪೀರಿಯಡ್ಡಿನ ಗಣಿತದ ಮೇಷ್ಟ್ರು ದಿನಾ ಬಾಗಿಲಲ್ಲಿ ಕಾಯಬೇಕಾಗುತ್ತಿತ್ತು. ಮಾತು ಹೆಡ್ ಮೇಡಂವರೆಗೂ ಹೋಯಿತು. ಅವರು ಟೀಚರನ್ನು ಕರೆಸಿದರು.

“ಬಂದಿಲ್ಲ ಅಂದ್ರೆ ಗೈರು. ಅಷ್ಟೇ ಅಲ್ವಾ ಮೇಡಂ? ಹೀಗೇ ಆದ್ರೆ ಕ್ಲಾಸ್ ಟೀಚರ್ ಕೆಲಸ ಬೇರೆಯವರಿಗೆ ಕೊಡ್ಬೇಕಾಗತ್ತೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ದೊಡ್ಡ ಕಟ್ಟಡದಲ್ಲಿ ತಮ್ಮದು ಎನ್ನಲು ಟೀಚರಿಗಿದ್ದದ್ದು ಆ ಒಂದು ತರಗತಿ.

ಮರುದಿನ ಬೇಗ ಮುಗಿಸಬೇಕೆಂದೇ ಶುರುಮಾಡಿದರು. ಮೂವತ್ತೊಂದನೇ ನಂಬರು ಸತತ ಮೂರನೇ ದಿನ ಬಂದಿರಲಿಲ್ಲ. ಪೆನ್ನು ಮುಂದೆ ಹೋಗಲಿಲ್ಲ. ಬಾಗಿಲಲ್ಲಿ ಮೇಷ್ಟ್ರು ಕೆಮ್ಮಿದರು. ಪಕ್ಕದಲ್ಲಿ ಕೂರುವವರು ಯಾರು ಎಂದು ಟೀಚರ್ ಕೇಳಿಯೇಬಿಟ್ಟರು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಕಾರಣ ಗೊತ್ತಿರಲಿಲ್ಲ, ಗೆಳತಿಯ ಮನೆ ಎಲ್ಲಿದೆ ಎನ್ನುವುದೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು.

“ಎರಡು ವರ್ಷದಿಂದ ನನ್ ಪಕ್ಕಾನೇ ಕೂತ್ಕೋತಾಳೆ ಮಿಸ್,” ಎಂದಳು ಹುಡುಗಿ. ಅವಳು ನಗಲಿಲ್ಲ.

ಸೋಮವಾರ ಹಾಜರಿ ಪುಸ್ತಕ ಗಣಿತದ ಮೇಷ್ಟ್ರ ಕೈಸೇರಿತು. ಬೆಳಗಿನ ಆ ಹೊತ್ತಿನಲ್ಲಿ ಟೀಚರಿಗೆ ಎಲ್ಲೂ ಕೆಲಸವಿರಲಿಲ್ಲ. ವರಾಂಡದ ಕೊನೆಯಲ್ಲಿ ನಿಂತು, ಒಳಗೆ ನಂಬರುಗಳು ಸರಸರನೆ ಉರುಳುವುದನ್ನು ಕೇಳಿಸಿಕೊಂಡರು. ಎಲ್ಲೂ ನಿಲ್ಲಲಿಲ್ಲ.

ಮಧ್ಯಾಹ್ನ ಎರಡು ಜಡೆಯವಳು ಅವರನ್ನು ಹುಡುಕಿಕೊಂಡು ಬಂದಳು.

“ಅವಳಿಗೆ ಕಾಮಾಲೆಯಂತೆ ಮಿಸ್. ಇನ್ನೂ ಹದಿನೈದು ದಿನ ಬರಲ್ಲ. ನಿನ್ನೆ ಅಪ್ಪನ ಜೊತೆ ಹೋಗಿ ನೋಡ್ಕೊಂಡ್ ಬಂದೆ.”

“ಮೇಷ್ಟ್ರಿಗೆ ಹೇಳಿದ್ಯೇನಮ್ಮಾ?”

“ಅವರು ಕೇಳ್ಲಿಲ್ಲ.”

ಕಣ್ಣೆಲ್ಲ ಹಳದಿಯಾಗಿದೆ, ಊಟ ಸೇರುತ್ತಿಲ್ಲ, ನನ್ನನ್ನು ಕಂಡು ಗೋಡೆ ಕಡೆ ತಿರುಗಿ ಮಲಗಿದಳು, ಆಮೇಲೆ ಮಾತಾಡಿದಳು ಎಂದು ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಗಂಟೆ ಹೊಡೆಯಿತು, ಓಡಿಹೋದಳು. ಬರೆದುಕೊಳ್ಳಲು ಟೀಚರ್ ಬಳಿ ಈಗ ಯಾವ ಪುಸ್ತಕವೂ ಇರಲಿಲ್ಲ. ಹದಿನೈದು ದಿನ ಎಂದು ಬೆರಳು ಮಡಿಸುತ್ತಾ ಎಣಿಸಿ ನೋಡಿದರು. ಮುಂದಿನ ತಿಂಗಳ ಎರಡನೇ ತಾರೀಕಿಗೆ ಬಂತು.